ಕೊನೆಯ ಅಧ್ಯಾಯಕ್ಕೆ ಹೊಲಿಗೆ ಹಾಕುತ್ತಿದ್ದ ಸಿಸ್ಟರ್

ಪುಸ್ತಕದಲ್ಲಿ ವಿಷ ಕುಡಿದವರು ಎರಡು ಸಾಲಿನಲ್ಲಿ ಸತ್ತುಬಿಟ್ಟರೆ ಸಿಸ್ಟರ್‌ಗೆ ಸಿಟ್ಟು ಬರುತ್ತಿತ್ತು. "ನೋಡಿಲ್ಲಿ, ಚಾ ಕುಡದ, ಎದಿ ಹಿಡಕೊಂಡ, ಬಿದ್ದ. ಮುಗೀತು! ನಮ್ಮ ದೇವದುರ್ಗದ ದವಾಖಾನ್ಯಾಗ ಒಂದು ದಿನ ಬಂದು ಕುಂತಿದ್ರ ಗೊತ್ತಾಗತಿತ್ತು ಇವನಿಗೆ" ಎಂದು ಲೇಖಕನನ್ನು ಬೈಯುತ್ತಿದ್ದರು. ವಿಷ ಕುಡಿದವರು ಒಮ್ಮೊಮ್ಮೆ ಮೂರು ದಿನ ಸಾಯುತ್ತಾರೆ, ಆ ಮೂರು ದಿನ ಯಾರಾದರೂ ಪಕ್ಕದಲ್ಲಿ ಕೂತಿರಬೇಕಾಗುತ್ತದೆ, ಹಾಗೆ ಕೂತವರ ಸುದ್ದಿ ಯಾವ ಪತ್ತೇದಾರಿ ಕಾದಂಬರಿಯಲ್ಲೂ ಬರುವುದಿಲ್ಲ ಎಂಬುದು ಅವರ ತಕರಾರು. ಹೀಗೆ ಬೈಯುತ್ತಲೇ ವಾರಕ್ಕೆ ಮೂರು ಪತ್ತೇದಾರಿ ಕಾದಂಬರಿ ಓದಿ ಮುಗಿಸುತ್ತಿದ್ದರು.

ಮಾನ್ವಿಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಅವರು ತೀರಿಕೊಂಡಾಗ ನಾನು ಸಾಕ್ಷಿ ಹೇಳಬೇಕಾಗಿದ್ದ ದಿನಕ್ಕೆ ಇನ್ನೂ ಎರಡು ವಾರ ಬಾಕಿ ಇತ್ತು. ಕೋರ್ಟಿಗೆ ಜೊತೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ಅವರು ತಪ್ಪಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ದೇವದುರ್ಗದ ಹತ್ತಿರದ ಹಳ್ಳಿಯೊಂದರ ಕೂಲಿ ಮಾಡುವ ಮನೆತನ ಅವರದು. ಆ ಓಣಿಯಿಂದ ನರ್ಸಿಂಗ್ ಓದಿದವರಲ್ಲಿ ಅವರೇ ಮೊದಲಿಗರು. ದೇವದುರ್ಗದ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಮಾನ್ವಿಯ ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಒಂದು ಟಿವಿ, ಎರಡು ತಗಡಿನ ಟ್ರಂಕು. ಟ್ರಂಕಿನ ತುಂಬ ಪತ್ತೇದಾರಿ ಕಾದಂಬರಿಗಳು. ನಾನು ಕವಿತಾಳದಿಂದ ಬಸ್ಸಿನಲ್ಲಿ ಬಂದು ಮಾನ್ವಿಯಲ್ಲಿ ಬಿ.ಎ. ಓದುತ್ತಿದ್ದ ಮೂರು ವರ್ಷ, ವಾಪಸು ಬಸ್ಸು ಬರುವ ತನಕ ಅಲ್ಲೇ ಕೂತು ಓದುತ್ತಿದ್ದೆ. ಯಾರು ಬೇಕಾದರೂ ಪುಸ್ತಕ ಒಯ್ಯಬಹುದಿತ್ತು. ಆದರೆ ಕೈ ತೊಳೆದೇ ಮುಟ್ಟಬೇಕು. ಮತ್ತೆ, ಚೀಟಿ ಬರೆಯಬೇಕು.

ಆ ಚೀಟಿಯ ವಿಷಯ ಸ್ವಲ್ಪ ಹೇಳಬೇಕು. ಪ್ರತಿ ಪುಸ್ತಕದ ಕೊನೆಯ ಅಧ್ಯಾಯವನ್ನು ಸಿಸ್ಟರ್ ಹೊಲಿದುಬಿಡುತ್ತಿದ್ದರು. ಗಾಯ ಹೊಲಿಯುವ ಹಾಗೆಯೇ, ಹಾಳೆಗಳ ಅಂಚಿಗೆ ಬಿಡಿಬಿಡಿಯಾಗಿ ಐದು ಹೊಲಿಗೆ, ಒಂದೊಂದಕ್ಕೂ ಬೇರೆ ಗಂಟು. ಅಲ್ಲಿಯವರೆಗೆ ಓದಿದವರು ಒಂದು ಚೀಟಿ ತೆಗೆದುಕೊಂಡು ನಡುವೆ ಗೆರೆ ಎಳೆಯಬೇಕು. ಎಡಗಡೆ 'ಕಂಡದ್ದು', ಬಲಗಡೆ 'ಅನಿಸಿದ್ದು'. ಕತೆಯಲ್ಲಿ ಕಣ್ಣೆದುರು ನಡೆದದ್ದು ಎಡಕ್ಕೆ, ಯಾರು ಕೊಂದಿರಬಹುದೆಂಬ ನಮ್ಮ ಊಹೆ ಬಲಕ್ಕೆ. ಚೀಟಿ ಓದಿ ಒಪ್ಪಿಗೆಯಾದರೆ ಮಾತ್ರ ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚುತ್ತಿದ್ದರು. ನಾವು ಕೊಲೆಗಾರನನ್ನು ಸರಿಯಾಗಿ ಊಹಿಸಿದ್ದೇವೋ ಇಲ್ಲವೋ ಎಂಬುದು ಅವರಿಗೆ ಬೇಕಾಗಿರಲಿಲ್ಲ. ಬಲಗಡೆಯದು ಎಡಗಡೆಗೆ ಬಂದಿರಬಾರದು, ಅಷ್ಟೇ.

"ಮಾಲಿ ಗಾಬರಿಯಾಗಿದ್ದ ಅಂತ ಎಡಗಡಿ ಬರದೀಯಲ್ಲ, ಗಾಬರಿ ನಿನಗ ಎಲ್ಲಿ ಕಾಣ್ತವಾ?"

"ಮಾರಿ ಬೆವತಿತ್ರೀ ಸಿಸ್ಟರ್."

"ಹಂಗಾದ್ರ ಮಾರಿ ಬೆವತಿತ್ತು ಅಂತ ಬರಿ. ಬಿಸಲಾಗ ನಿಂತು ಗಿಡಕ್ಕ ನೀರು ಹಾಕಾಂವ ಬೆವರದ ಏನ್ ಮಾಡ್ತಾನ? ಪಾಪ, ಮೂವತ್ತು ಪುಟದಿಂದ ನೀ ಅವನಿಗೆ ಗಲ್ಲಿಗೆ ಹಾಕಾಕತ್ತೀದಿ."

ಎದುರು ಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದರು, ಓಣಿಗೆಲ್ಲ ಕಾಕಾ. ಒಮ್ಮೆ ಅವರು ತಡೆಯಲಾರದೆ ಮನೆಯಲ್ಲೇ ಹೊಲಿಗೆ ಬಿಚ್ಚಿ, ಓದಿ, ಮತ್ತೆ ಹೊಲಿದು ತಂದರು. ಸಿಸ್ಟರ್ ಪುಸ್ತಕದ ಅಂಚಿನ ಮೇಲೆ ಬೆರಳಾಡಿಸಿದರು.

"ಕಾಕಾರ, ಈ ಗಂಟು ನಂದಲ್ರೀ."

"ನಿಮ್ದಲ್ಲಂದ್ರ ಮತ್ತ್ಯಾರ್ದರೀ?"

"ಇದು ಚೀಲದ ಬಾಯಿ ಹೊಲಿಯೋ ಗಂಟು. ಮೊನ್ನೆ ನಿಮ್ಮ ಮನಿಗೆ ಜ್ವಾಳದ ಚೀಲ ಬಂದಾವ."

"ಅಯ್ಯ, ಚೀಲ ಹೊಲಿಯಾಕಿ ನಿಮ್ಮ ಕಾಕಿ. ಆಕಿನ್ನ ಕೇಳ್ರಿ ಬೇಕಾದ್ರ."

"ಓದಾಕ ಬರಲಾರದ ಕಾಕಿ ಕೊನೀ ಪಾಠ ಬಿಚ್ಚಿ ಏನ್ ನೋಡ್ತಾಳ್ರೀ, ಚಿತ್ರನಾ?"

ಕಾಕಾಗೆ ಒಂದು ತಿಂಗಳು ಪುಸ್ತಕ ಬಂದ್ ಆಯಿತು. ಆ ತಿಂಗಳು ಪೂರ್ತಿ ಅವರು ಬಾಗಿಲಲ್ಲಿ ನಿಂತು ನಮ್ಮನ್ನು, "ಯಾರು ಕೊಂದ್ರಂತ? ಬರೇ ಹೆಸರು ಹೇಳವಾ, ಸಾಕು" ಎಂದು ಕಾಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಓಣಿಯ ಏಳೆಂಟು ಜನ ಸೇರುತ್ತಿದ್ದೆವು. ಪರದೆಯ ಮೇಲಿನ ಪತ್ತೇದಾರ ಕೋಟಿನ ಕಿಸೆಯಲ್ಲಿ ಕೈ ಇಟ್ಟುಕೊಂಡು ರಕ್ತದ ಕಲೆ ತುಳಿಯುತ್ತ ನಡೆದರೆ, "ಕಾಲು ತಗೀಲೇ" ಎಂದು ಗದರಿಸುತ್ತಿದ್ದರು. ಅವರಿಗೆ ನಿಜವಾಗಿ ನೋವಾಗುತ್ತಿದ್ದುದು ಬೇರೆ ಕಡೆ. ಮನೆಗೆಲಸದಾಕೆ ಸೆರಗು ಹಿಂಡುತ್ತ ತಾನು ಕಂಡದ್ದನ್ನು ಹೇಳುತ್ತಾಳೆ, ಪತ್ತೇದಾರ ತಲೆಯಾಡಿಸಿ ಹೊರಟುಬಿಡುತ್ತಾನೆ, ಆಕೆ ಮತ್ತೆ ತೆರೆಗೆ ಬರುವುದೇ ಇಲ್ಲ. "ನೋಡು, ಹೇಳಿದಾಕಿಗೆ ಒಂದು ಗ್ಲಾಸ್ ನೀರು ಕೊಡಲಿಲ್ಲ. ಆಕಿ ನಾಳಿಗೆ ಅದ ಮನ್ಯಾಗ ಭಾಂಡೆ ತಿಕ್ಕಬೇಕಲ್ಲ, ಹೆಂಗ ತಿಕ್ತಾಳ ಅಂತ ಒಬ್ಬರರ ಕೇಳ್ಯಾರೇನು?"

ನಾವು ನಗುತ್ತಿದ್ದೆವು. ಅವರು ತಾವೂ ಒಮ್ಮೆ ಸಾಕ್ಷಿ ಹೇಳಿದವರೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಕಾಕಾನ ಬಾಯಿಂದ. ಹೊಡೆಸಿಕೊಂಡು ವಾರ್ಡಿಗೆ ಬಂದ ಹೆಂಗಸೊಬ್ಬಳ ಬಗ್ಗೆ 'ಜಾರಿ ಬಿದ್ದು ಗಾಯ' ಎಂದು ಎಲ್ಲರೂ ಬರೆಯಲು ಹೊರಟಾಗ ಸಿಸ್ಟರ್ ತಮ್ಮ ವರದಿಯಲ್ಲಿ, 'ಎಡಗೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು' ಎಂದು ಬರೆದು ಪಕ್ಕದಲ್ಲಿ ಆಗ ಎಷ್ಟು ಗಂಟೆ ಎಂಬುದನ್ನೂ ಬರೆದಿದ್ದರಂತೆ. ಗಂಡನ ಕಡೆಯವರು ಆಸ್ಪತ್ರೆಯ ಗೇಟಿನಲ್ಲಿ ಅಡ್ಡಗಟ್ಟಿದರೂ ಆ ಸಾಲು ತಿದ್ದಲಿಲ್ಲವಂತೆ, ಕೋರ್ಟಿನಲ್ಲೂ ಅದನ್ನೇ ಹೇಳಿದರಂತೆ.

ಬಿ.ಎ. ಮುಗಿಸಿ ನಾನು ರಾಯಚೂರಿಗೆ ಹೋದೆ. ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಹಸನು ಮಾಡುವ ಹೆಣ್ಣಾಳುಗಳ ಹಾಜರಿ ಬರೆಯುವ ಕೆಲಸ. ಮಿಲ್ಲಿನ ಹೆಸರು ಬೇಡ. ಶೆಡ್ಡಿಗೆ ಎರಡು ಬಾಗಿಲು. ಮುಂದಿನದರ ಪಕ್ಕದಲ್ಲಿ ನನ್ನ ಮೇಜು. ಹಿಂದಿನದು ರಸ್ತೆ ಕಡೆಗೆ. ಊಟದ ಗಂಟೆ ಮುಗಿದ ಮೇಲೆ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಕೀಲಿಕೈ ನನ್ನ ಮೇಜಿನ ಪಕ್ಕದ ಮೊಳೆಗೆ ಬಂದು ತೂಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಮೂರರ ಸುಮಾರಿಗೆ ಹತ್ತಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿಗೆ ಸದ್ದೇ ಇಲ್ಲ ಎಂಬುದು ಯಾರಿಗೂ ಹೇಳಿದರೆ ಅರ್ಥವಾಗುವುದಿಲ್ಲ. ಯಾರೋ ರಾಶಿಯ ಮೇಲೆ ಕೈಯಾಡಿಸಿದ ಹಾಗೆ ಅದು ಮೇಲ್ಮೈಯಲ್ಲಿ ಹರಿದುಹೋಯಿತು. ಆಮೇಲೆ ಹೊಗೆ. ಹೆಂಗಸರೆಲ್ಲ ಮುಂದಿನ ಬಾಗಿಲಿಗೆ ನುಗ್ಗಿದರು. ಹಿಂದೆ ಕೂತಿದ್ದ ಇಬ್ಬರು, ಹತ್ತಿರವೆಂದು ಹಿಂದಿನ ಬಾಗಿಲಿಗೆ ಓಡಿದರು. ಬಡಿಯುವ ಸದ್ದು ಕೇಳಿಸಿತು. ನಾನು ಮೊಳೆಯಿಂದ ಕೀಲಿಕೈ ಕಿತ್ತುಕೊಂಡು ಶೆಡ್ಡನ್ನು ಹೊರಗಿನಿಂದ ಸುತ್ತಿ ಓಡಿದೆ. ಬೀಗ ಕಾದಿತ್ತು. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ಉಲ್ಟಾ ತಿರುಗಿಸುತ್ತಿದ್ದೆನೋ, ಕೈ ನಡುಗುತ್ತಿತ್ತೋ, ಈಗಲೂ ಗೊತ್ತಿಲ್ಲ. ದಿನಕ್ಕೆ ಹತ್ತು ಸಲ ಆ ಬೀಗ ತೆಗೆಯುತ್ತೇನೆ. ಬಸ್ಸಿನಲ್ಲಿ ಕೂತಾಗ, ಅನ್ನ ಬಸಿಯುವಾಗ, ಬೆರಳು ತಾನಾಗಿ ತಿರುಗುತ್ತದೆ. ಬಾಗಿಲು ತೆರೆದಾಗ ಒಬ್ಬಾಕೆ ನನ್ನ ಮೇಲೆಯೇ ಬಿದ್ದಳು, ಬದುಕಿದಳು. ಇನ್ನೊಬ್ಬಾಕೆ, ಈರಮ್ಮ, ಹೊರಗೆ ಬರಲಿಲ್ಲ. ಈರಮ್ಮ ದೇವದುರ್ಗದ ಕಡೆಯಾಕೆ. ಹಾಜರಿ ಕೂಗಿದರೆ "ಬಂದೀನ್ರೀ ಅಕ್ಕಾರ, ಇಲ್ಲೇ ಸಾಯಾಕತ್ತೀನಿ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಪೊಲೀಸರು ಕೇಳಿದಾಗ ನಾನು, "ಮ್ಯಾನೇಜರ್ ಬೀಗ ಹಾಕಿದ್ದನ್ನು ಕಣ್ಣಾರೆ ನೋಡಿದೆ" ಎಂದೆ. ಮ್ಯಾನೇಜರ್‌ನನ್ನು ಹಿಡಿದರು. ಹದಿನೈದು ದಿನದ ನಂತರ ನನ್ನ ಬಾಡಿಗೆ ಮನೆಗೆ ಇಬ್ಬರು ಬಂದರು. ಒಳಗೆ ಬರಲಿಲ್ಲ, ಬೈಕಿನ ಮೇಲೆ ಕೂತೇ ಮಾತಾಡಿದರು. "ಮೇಡಂ, ಪೊಲೀಸರ ಮುಂದ ಏನ್ ಹೇಳೀರೋ ಕೋರ್ಟಿನ್ಯಾಗ ಅಷ್ಟ ಹೇಳ್ರಿ. ಒಂದಕ್ಷರ ಹೆಚ್ಚಿಗಿ ಬ್ಯಾಡ. ನೀವು ಒಬ್ಬರ ಇರ್ತೀರಿ, ಗೊತ್ತದ ನಮಗ." ಧ್ವನಿ ಮೆತ್ತಗಿತ್ತು. ಮರುದಿನ ಮಾನ್ವಿಯ ಬಸ್ಸು ಹಿಡಿದೆ.

ಸಿಸ್ಟರ್ ಪೂರ್ತಿ ಕೇಳಿ, ಒಂದು ಖಾಲಿ ಚೀಟಿಗೆ ಗೆರೆ ಎಳೆದು ನನ್ನ ಮುಂದಿಟ್ಟರು. ನನಗೆ ಸಿಟ್ಟು ಬಂತು. "ಇದು ಕಾದಂಬರಿ ಅಲ್ರಿ ಸಿಸ್ಟರ್."

"ಅದಕ್ಕ ಬರಿ ಅಂದೆ."

ಎಡಗಡೆ 'ಮ್ಯಾನೇಜರ್ ಬೀಗ ಹಾಕಿದರು' ಎಂದು ಬರೆದೆ.

"ಮಾರಿ ನೋಡೀಯೇನು?"

"ಇಲ್ರಿ. ನಡುವ ಹತ್ತಿ ರಾಶಿ ಇತ್ತು. ಹೊರಗಿಂದ ಬಾಗಲಾ ಎಳಿಯೋ ತೋಳಷ್ಟ ಕಂಡಿತು. ನೀಲಿ ತೋಳು. ಮ್ಯಾನೇಜರ್ ದಿನಾ ನೀಲಿ ಸಫಾರಿ ಹಾಕ್ತಾರ."

"ಕೀಲಿಕೈ ತಂದು ಮೊಳಿಗೆ ಹಾಕಿದ್ದು?"

"ನಾ ಆಫೀಸಿಗೆ ಹಾಜರಿ ಕೊಡಾಕ ಹೋಗಿದ್ದೆ. ಬರೋದ್ರಾಗ ಅಲ್ಲೇ ಇತ್ತು."

"ನೀಲಿ ಅಂಗಿ ಮತ್ತ್ಯಾರೂ ಹಾಕಂಗಿಲ್ಲೇನು ನಿಮ್ಮ ಮಿಲ್ಲಿನ್ಯಾಗ?"

ವಾಚ್‌ಮನ್‌ನ ಅಂಗಿ ನೀಲಿ. ಹಮಾಲರ ಅಂಗಿಗಳೂ ನೀಲಿ. ಆದರೂ ಅಂದೆ, "ಆದ್ರ ಆ ಮನಷ್ಯಾ ಅಂಥಾವನ ಇದ್ದಾನ್ರೀ. ಹೆಣ್ಮಕ್ಕಳಿಗೆ ಬಾಯಿಗೆ ಬಂದಂಗ ಬೈತಿದ್ದ."

"ಅದು ಬಲಗಡೀಗೆ ಹೋಗ್ತದ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಉಳಿದ ದಿನ ಆ ಬಾಗಲಕ್ಕ ಯಾರು ಕೀಲಿ ಹಾಕತಿದ್ರು?"

ಪೊಲೀಸರು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ನನಗೆ ಕೇಳಿಕೊಂಡಿರಲಿಲ್ಲ.

"ಯಾರು ಕೈಗೆ ಸಿಕ್ಕರ ಅವರು. ವಾಚ್‌ಮನ್. ಮ್ಯಾನೇಜರ್." ಬುದ್ಧನ ಪಟದ ಕಡೆ ನೋಡುತ್ತ ಹೇಳಿದೆ, "ನಾನೂ ಹಾಕೀನ್ರಿ. ಭಾಳ ಸಲ."

ಸಿಸ್ಟರ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದುಹೋಗಿ ನೀರು ತಂದಿಟ್ಟರು. ನಾನು ಕುಡಿಯುವ ತನಕ ಕಾದು ಮುಂದಿನದು ಕೇಳಿದರು.

"ಹಾಕು ಅಂತ ನಿನಗ ಹೇಳಿದಾರು ಯಾರು?"

"ಮಿಲ್ಲಿನ ಸಾವ್ಕಾರ್ರು. ಕೆಲಸಕ್ಕ ಸೇರಿದ ದಿನ ಅವರ ಕೈಯಾರೆ ಕೀಲಿಕೈ ಕೊಟ್ರು. ಇಲ್ಲಾಂದ್ರ ಹೆಂಗಸರು ಸೀರ್ಯಾಗ ಹತ್ತಿ ಸುತಿಕೊಂಡು ಹೋಗ್ತಾರ ಅಂದ್ರು."

"ಈಗ ಆ ಬೈಕಿನ ಮ್ಯಾಲೆ ಬಂದವರನ್ನ ನೋಡು. ಹೆದರಿಸಾಕ ಬಂದವ್ರು ಬಾಯಿ ಮುಚಿಕೊಂಡಿರು ಅಂತಾರ. ಇವರು ಹೇಳು ಅಂದು ಹೋಗ್ಯಾರ. ನೀ ಹೇಳಿದ್ದರಿಂದ ಯಾರು ಉಳೀತಾರ?"

ಮ್ಯಾನೇಜರ್ ಮೂರು ವರ್ಷದಿಂದ ಸಂಬಳಕ್ಕಿದ್ದ ಮನುಷ್ಯ. ಎಲ್ಲ ಅವನೊಬ್ಬನದೇ ತಪ್ಪು ಎಂದಾದರೆ ಮಿಲ್ಲಿನ ಮಾಲೀಕನ ತನಕ ಯಾರೂ ಬರುವ ಕಾರಣವಿಲ್ಲ. ಕೆಟ್ಟವನು ಒಬ್ಬನೇ, ಅವನು ನೋಡಲೂ ಕೆಟ್ಟವನ ಹಾಗೆಯೇ ಇರುತ್ತಾನೆ ಎಂದು ಎಷ್ಟೋ ಭಾನುವಾರ ಟಿವಿಯ ಮುಂದೆ ಕೂತು ಕಲಿತಿದ್ದೆ. ಕಂಡ ತೋಳಿಗೆ ನಾನೇ ಮುಖ ಅಂಟಿಸಿದ್ದೆ. ಹಾಗೆ ಅಂಟಿಸಿದರೆ ನನ್ನ ಕೈ ಯಾರಿಗೂ ಕಾಣುವುದಿಲ್ಲವಲ್ಲ.

"ನಾ ಬದಲಾಯಿಸಿ ಹೇಳಿದ್ರ ನನ್ನನ್ನೂ ಹಿಡೀತಾರ್ರೀ."

"ಹಿಡೀಬಹುದು." ಸುಳ್ಳು ಧೈರ್ಯ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆಮೇಲೆ, ಅದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೋಗಿ ತೂರಾಡುತ್ತ ಬಂದನಂತೆ. ಬಾಯಿಂದ ವಾಸನೆ. ಇವರು ವರದಿಯಲ್ಲಿ 'ಕುಡಿದು ಬಂದಿದ್ದಾನೆ' ಎಂದು ಬರೆದರು. ಅದನ್ನೋದಿದವರು, ಅಮಲು ಇಳಿಯಲಿ ಬಿಡು ಎಂದು ಮೂಲೆಯ ಮಂಚಕ್ಕೆ ಹಾಕಿದರು. ಅವನು ಒಂದು ಹನಿ ಕುಡಿದವನಲ್ಲ, ಸಕ್ಕರೆ ಕಾಯಿಲೆ ವಿಪರೀತ ಏರಿ ಬಾಯಿ ಹಾಗೆ ನಾರುತ್ತಿತ್ತು. ಸಂಜೆಯೊಳಗೆ ಸತ್ತ.

"ಬಾಯಿ ವಾಸನಿ ಬರ್ತದ ಅಂತಷ್ಟ ಬರದಿದ್ರ ಡಾಕ್ಟರ್ ನೋಡತಿದ್ರವಾ. ನಾ ನೋಡಲಾರದ್ದನ್ನ ನೋಡೀನಿ ಅಂತ ಬರದೆ. ಆಮ್ಯಾಲೆ ಖರೆ ಹೇಳಬೇಕಿತ್ತು. ನೌಕರಿ ಹೋಗ್ತದಂತ ಹೇಳಲಿಲ್ಲ. ನೌಕರಿ ಉಳೀತು. ನಾ ಈ ಟ್ರಂಕ್ ಇಟಗೊಂಡು ಮಂದಿಗೆ ಗೆರಿ ಎಳಿ ಅಂತ ಹೇಳಾಕತ್ತು ಎಷ್ಟು ವರ್ಷ ಆತು ನೋಡು. ಅವನ ಹೆಂಡತಿಗಿ ಮಾತ್ರ ಇವತ್ತಿಗೂ ಹೇಳಿಲ್ಲ."

ಬಸ್ಸಿಗೆ ಬಿಡಲು ಬಂದವರು ಕಿಟಕಿಯ ಸರಳು ಹಿಡಿದುಕೊಂಡು ಹೇಳಿದರು, "ಕೋರ್ಟಿಗಿ ಹೋಗೋಕಿಂತ ಮೊದಲ ಈರಮ್ಮನ ಅವ್ವಗ ಹೋಗಿ ಹೇಳು. ಆಕಿ ಕೋರ್ಟಿನ್ಯಾಗ ನಾಕ ಮಂದಿ ನಡುವ ಮೊದಲ ಸಲ ಕೇಳಬಾರದು."

ನಾನು ಹೂಂ ಅಂದೆ. ಹೋಗಲಿಲ್ಲ. ವಾರ ವಾರ ಮುಂದಕ್ಕೆ ಹಾಕುತ್ತ ತಿಂಗಳುಗಳೇ ಕಳೆದವು, ಸಾಕ್ಷಿಯ ತಾರೀಖೂ ಗೊತ್ತಾಯಿತು. ಅಷ್ಟರಲ್ಲಿ ಕಾಕಾ ಫೋನ್ ಮಾಡಿ, ಸಿಸ್ಟರ್ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋದರು ಎಂದರು. ನಾನು ಮಾನ್ವಿ ತಲುಪಿದಾಗ ಬುದ್ಧವಂದನೆ ನಡೆಯುತ್ತಿತ್ತು. ಓಣಿಯ ಹೆಂಗಸರು ತುಂಬಿದ್ದರು. ಕಾಕಾ ಮೂಲೆಯಲ್ಲಿ ನಿಂತು ಮಗುವಿನ ಹಾಗೆ ಅಳುತ್ತಿದ್ದರು. "ನನಗಿನ್ನ ಯಾರು ಬೈತಾರವಾ" ಎಂದರು. ಮಣ್ಣು ಮಾಡಿ ಬಂದ ಮೇಲೆ ನಾನು ರಾಯಚೂರಿಗೆ ತಿರುಗಲಿಲ್ಲ. ದೇವದುರ್ಗದ ಬಸ್ಸು ಹತ್ತಿದೆ. ಆ ದಿನ ಹೋಗದಿದ್ದರೆ ಇನ್ನೆಂದೂ ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು.

ಈರಮ್ಮನ ತಾಯಿ ಮನೆಯ ಮುಂದೆ ಕಡಲೆಗಿಡದ ಕಾಯಿ ಬಿಡಿಸುತ್ತ ಕೂತಿದ್ದರು. ನಾನು ಯಾರೆಂದು ಹೇಳಿದೆ. ಬಾ ಕುಂದ್ರು ಎಂದರು. ನಿಂತುಕೊಂಡೇ ಎಲ್ಲ ಹೇಳಿದೆ. ನೀಲಿ ತೋಳು, ಮೊಳೆ, ಮಾಲೀಕ ಕೊಟ್ಟ ಕೀಲಿಕೈ, ನಾನು ಹಾಕುತ್ತಿದ್ದ ಬೀಗ. ಅವರ ಬೆರಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನೀನೂ ಹಾಕತಿದ್ದಿ?"

"ಹೂಂ ಯವ್ವಾ."

"ಒಳಗ ನನ್ನ ಮಗಳು ಇರ್ತಾಳಂತ ಗೊತ್ತಿತ್ತು?"

"ಗೊತ್ತಿತ್ತು."

ಬಿಡಿಸಿದ ಕಾಯಿ ಒಂದು ಕಡೆ ಸರಿಸಿ, "ಇದನ್ನ ಜಡ್ಜ್ ಸಾಹೇಬರ ಮುಂದೂ ಹಿಂಗ ಹೇಳ್ತೀ?" ಎಂದರು. ಹೇಳುತ್ತೇನೆ ಎಂದೆ. "ಮತ್ತ ಹೋಗು. ಇಲ್ಲಿ ನಿಂದರಬ್ಯಾಡ. ನಿನ್ನ ಮಾರಿ ನೋಡಾಕ ಆಗವಲ್ದು ನನಗ."

ಸರ್ಕಾರಿ ವಕೀಲರಿಗೂ ಮೊದಲೇ ತಿಳಿಸಿದೆ. "ಈಗ ಬದಲಾಯಿಸಿದ್ರ ನೀವ ಕೇಸು ಹಾಳು ಮಾಡಿದಂಗ. ನೀವೂ ಸಿಕ್ಕೊಳ್ತೀರಿ, ವಿಚಾರ ಮಾಡ್ರಿ" ಎಂದರು. ಮಾಡಿದ್ದೇನೆ ಎಂದೆ.

ಸಾಕ್ಷಿಕಟ್ಟೆ ಹತ್ತಿದೆ. ಎದುರಿಗೆ ಮ್ಯಾನೇಜರ್, ಸೊರಗಿದ್ದ. ಹಿಂದಿನ ಬೆಂಚಿನಲ್ಲಿ ಮಿಲ್ಲಿನ ಮಾಲೀಕ, ಅವರ ಪಕ್ಕದಲ್ಲಿ ಬೈಕಿನವರಲ್ಲಿ ಒಬ್ಬ. ಬಾಗಿಲ ಹತ್ತಿರ ಈರಮ್ಮನ ತಾಯಿ. ಬೀಗ ಹಾಕಿದವರನ್ನು ನೋಡಿದಿರಾ ಎಂಬ ಪ್ರಶ್ನೆಗೆ, "ಒಂದು ನೀಲಿ ತೋಳು ನೋಡಿದೆ. ಮುಖ ನೋಡಿಲ್ಲ" ಎಂದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕೆಂದು ಕೇಳಿಕೊಂಡರು. ನ್ಯಾಯಾಧೀಶರು ಅವರನ್ನು ತಡೆದು ನನ್ನ ಕಡೆ ತಿರುಗಿದರು. ಪೊಲೀಸರಿಗೆ ಬೇರೆ ಹೇಳಿದ್ದೇಕೆ ಎಂದು ಕೇಳಿದರು.

"ಅನಿಸಿದ್ದನ್ನು ಕಂಡೆ ಅಂತ ಹೇಳಿಬಿಟ್ಟೆ ಸರ್. ಆ ಬಾಗಿಲಿಗೆ ಬೀಗ ದಿನವೂ ಬೀಳುತ್ತಿತ್ತು. ನಾನೂ ಹಾಕಿದ್ದೇನೆ."

ಟೈಪ್ ಮಾಡುವ ಸದ್ದು ಒಂದು ಕ್ಷಣ ನಿಂತಿತು.

"ಯಾರ ಅಪ್ಪಣೆ ಮೇಲೆ?"

ಬೈಕಿನವನು ನನ್ನನ್ನೇ ನೋಡುತ್ತಿದ್ದ. ನಾನು ಮಾಲೀಕನ ಹೆಸರು ಹೇಳಿದೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನೂ ಹೇಳಿದೆ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ಟೈಪ್ ಮತ್ತೆ ಶುರುವಾಯಿತು.

ಮಾಲೀಕನನ್ನು ಏನು ಮಾಡುತ್ತಾರೋ, ನನ್ನನ್ನು ಏನು ಮಾಡುತ್ತಾರೋ ಇನ್ನೂ ತೀರ್ಮಾನವಾಗಿಲ್ಲ. ಪಾಟೀಸವಾಲು ಮುಗಿಯದೆ ಮುಂದಿನ ತಾರೀಖು ಕೊಟ್ಟರು. ನಾನು ಮೆಟ್ಟಿಲಿಳಿಯುವಾಗ ಈರಮ್ಮನ ತಾಯಿ ಗೋಡೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡದೆ ಕೇಳಿದರು.

"ಆ ತಾರೀಖಿಗೂ ಬರ್ತೀಯಿಲ್ಲ?"

"ಬರ್ತೀನಿ ಯವ್ವಾ" ಎಂದೆ.